ಹಾಲ್‌ನ ಗೋಡೆಗೆ ಮೂರು ಚಂದ್ರಿಕೆ

ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡಬೇಕು, ಮಿಕ್ಕದ್ದೆಲ್ಲ ಆಮೇಲೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಒಪ್ಪಿಕೊಂಡುಬಿಡುತ್ತೇನೆ, ಈಚೆಗೆ ನಾನು ಮೊದಲು ನೋಡುವುದು ಸೂರನ್ನು. ಆಮೇಲೆ ಗೋಡೆ, ಆಮೇಲೆ ಟಿ.ವಿ. ಇಟ್ಟಿರುವ ಜಾಗ, ಕೊನೆಗೆ ಮನುಷ್ಯರು. ಮೊನ್ನೆ ನಮ್ಮೂರು ಮೇಲೂರಿನಲ್ಲೇ ಒಬ್ಬರ ಮನೆಗೆ ಸಾವಿಗೆ ಹೋದವನು, ಕೈಮುಗಿದುಕೊಂಡೇ ‘ಇವರು ಕಿಟಕಿ ಇನ್ನೊಂದಡಿ ಎತ್ತರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು’ ಎಂದು ಯೋಚಿಸುತ್ತಿದ್ದೆ. ಸತ್ತವರು ಒಳ್ಳೆಯವರು, ಕ್ಷಮಿಸಿರುತ್ತಾರೆ.

ಈ ಕಾಯಿಲೆ ನನಗೆ ಅಂಟಿದ್ದು ಗೌರಿಬಿದನೂರಿನಲ್ಲಿ, ಮಗಳು ಕಾವ್ಯಳನ್ನು ಕೊಟ್ಟ ಮನೆಯಲ್ಲಿ. ಬೀಗರು ನಾರಾಯಣಪ್ಪನವರದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಹಾಗಾಗಿ ಅವರ ಹಾಲ್‌ನಲ್ಲಿ ದೀಪ ಎಲ್ಲಿದೆ ಎಂದು ಕೇಳುವಂತಿಲ್ಲ, ಎಲ್ಲಿಲ್ಲ ಎಂದು ಕೇಳಬೇಕು. ಸೂರಿನ ಕೆಳಗೆ ಇನ್ನೊಂದು ಸುಳ್ಳು ಸೂರು, ಅದರ ನಡುವೆ ಗುಲಾಬಿ ಹೂವಿನಾಕಾರದ ಗುಳಿ, ಒಂದೊಂದು ಎಸಳಿಗೂ ಒಂದೊಂದು ಬಣ್ಣದ ಬೆಳಕು. ಮೇಲೆ ನೋಡುತ್ತ ನೋಡುತ್ತ ಸೋಫಾದ ಮೇಲೆ ಕುಳಿತೆ. ಅದು ಕೂರುವ ಸೋಫಾ ಅಲ್ಲ, ಮುಳುಗುವ ಸೋಫಾ. ಊಟಕ್ಕೆ ಎಬ್ಬಿಸುವಾಗ ಬೀಗರು ನನ್ನ ಎರಡೂ ಕೈ ಹಿಡಿದು, ಬಾವಿಯಿಂದ ಕೊಡ ಸೇದುವ ಹಾಗೆ ಸೇದಬೇಕಾಯಿತು. ಸೇದುತ್ತಲೇ, “ನಿಮ್ಮನೇಗೂ ಒಂದಿನ ಬರ್ತೀವಿ ಬೀಗ್ರೇ. ಮದುವೆ ಚೌಟ್ರೀಲೇ ಆಗೋಯ್ತು, ಮನೇನೇ ನೋಡ್ಲಿಲ್ಲ ನೋಡಿ” ಎಂದರು. ನಾನು “ಬರ್ಬೇಕು, ಬರ್ಬೇಕು” ಎಂದೆ. ಮನಸ್ಸಿನಲ್ಲಿ ಮಾತ್ರ ‘ಈಗಲೇ ಬೇಡ’ ಎಂದುಕೊಂಡೆ.

ಯಾಕೆಂದರೆ ನಮ್ಮ ಮನೆ ಅಜ್ಜನ ಕಾಲದ್ದು. ಸೂರು ಅಂದರೆ ಉದ್ದುದ್ದ ಕಲ್ಲು ಚಪ್ಪಡಿ, ಅದರಲ್ಲಿ ಗುಲಾಬಿ ಕೊರೆಯಲು ಡೈನಮೈಟೇ ಬೇಕು. ಗೋಡೆಗೆ ಹೊಡೆಸಿದ ನೀಲಿ ಬಣ್ಣ ಈಗ ನೀಲಿಯೆಂದು ಹೇಳಿದರೆ ಮಾತ್ರ ನೀಲಿ. ಹೊರಗೆ ಕೂರಲು ಕಲ್ಲಿನ ತಿಣ್ಣೆ. ಹಿಂದುಗಡೆ, ಹಾಲ್‌ಗೆ ಅಂಟಿಕೊಂಡೇ, ನನ್ನ ಹೆಂಡತಿ ರತ್ನಮ್ಮನ ಹುಳುಮನೆ. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾದರೂ ಈ ಮನೆಯಲ್ಲಿ ನಿಜವಾದ ದುಡಿಮೆ ನಡೆಯುವುದು ಆ ಬಾಗಿಲಿನ ಆಚೆ, ರೇಷ್ಮೆಹುಳುವಿನ ತಟ್ಟೆಗಳ ನಡುವೆ.

ನಮ್ಮ ಅಜ್ಜಿಯ ಕಾಲದಲ್ಲಿ ಹುಳುಮನೆ ಅಂತ ಬೇರೆ ಇರಲಿಲ್ಲ. ಹಾಲೇ ಹುಳುಮನೆ. ಬೆಳೆ ಇದ್ದಷ್ಟು ದಿನ ಒಳಗೆ ಹುಳು, ಅಂಗಳದಲ್ಲಿ ನಾವು. ಚಿಂತಾಮಣಿಯಿಂದ ಹೊಸ ಅಳಿಯ, ಅಂದರೆ ನಮ್ಮ ಅತ್ತೆಯ ಗಂಡ, ಮೈಗೆಲ್ಲ ಸೆಂಟು ಬಳಿದುಕೊಂಡು ಬಂದಿದ್ದರಂತೆ. ಹುಳುವಿಗೆ ವಾಸನೆ ಆಗಿಬರುವುದಿಲ್ಲ. ಅಜ್ಜಿ ಬಾಗಿಲಿಗೆ ಅಡ್ಡ ನಿಂತು, “ನಾಯನಾ, ಬಾವಿ ತಾವ ಹೋಗಿ ಎರಡು ಬಿಂದಿಗೆ ಸುರ್ಕೊಂಡು ಬಾರಪ್ಪ, ಆಮೇಲೆ ಆರತಿ ಎತ್ತೋಣ” ಎಂದಳಂತೆ. ಅಳಿಯ ನಡುಗುತ್ತ ಒಳಗೆ ಬಂದ. ಆ ಸಲ ಗೂಡು ಬೆಳ್ಳಿಯ ಹಾಗಿತ್ತು ಎಂದು ಅಜ್ಜಿ ಕಥೆ ಮುಗಿಸುತ್ತಿದ್ದಳು. ಅಳಿಯನಿಗೆ ನೆಗಡಿ ಆಯಿತೇ ಇಲ್ಲವೇ ಎಂಬುದು ಅವಳ ಕಥೆಯಲ್ಲಿ ಬರುತ್ತಿರಲಿಲ್ಲ.

ಇರಲಿ. ಗೌರಿಬಿದನೂರಿನಿಂದ ಬಂದವನು ಫೋನಿನಲ್ಲಿ ವಿಡಿಯೋ ನೋಡಲು ಶುರು ಮಾಡಿದೆ. ‘ಹಳೆಯ ಮನೆಗೆ ಹೊಸ ಕಳೆ’, ‘ಸಣ್ಣ ಹಾಲನ್ನು ದೊಡ್ಡದಾಗಿ ಕಾಣಿಸುವುದು ಹೇಗೆ’, ‘ನಿಮ್ಮ ಎಲಿವೇಶನ್ ನಿಮ್ಮ ವ್ಯಕ್ತಿತ್ವ’. ಒಂದನ್ನು ನೋಡಿದರೆ ಫೋನು ತಾನಾಗಿಯೇ ಇನ್ನು ಹತ್ತನ್ನು ಬಡಿಸುತ್ತದೆ, ಸಾಕು ಎಂದರೂ ಕೇಳದ ಬೀಗರ ಹಾಗೆ. ಅಂತೂ ಒಂದು ಬಣ್ಣ ಆರಿಸಿ, ಡಬ್ಬಿ ತಂದು, ಶಿಡ್ಲಘಟ್ಟದ ಪೇಂಟರ್ ನಯಾಜ್‌ಗೆ ಬರಲು ಹೇಳಿದೆ. ಅದೇ ಸಂಜೆ ಬೀಗರ ಫೋನು ಬಂತು. “ಮುಂದಿನ ಭಾನುವಾರ ಹನ್ನೊಂದು ಗಂಟೆಗೆಲ್ಲ ಬಂದ್ಬಿಡ್ತೀವಿ.”

ನಯಾಜ್ ಬಂದು ಗೋಡೆ ತಟ್ಟಿ ನೋಡುತ್ತಿದ್ದ. ರತ್ನಮ್ಮ ಹುಳುಮನೆಯಿಂದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಿಡಿದುಕೊಂಡೇ ಈಚೆ ಬಂದಳು.

“ಏನ್ರೀ ಅದು ಡಬ್ಬಿ?”

“ಬಣ್ಣ ಕಣೇ. ಬೀಗ್ರು ಬರ್ತಾರಲ್ಲ.”

“ಹುಳ ನಾಲ್ಕನೇ ಜ್ವರ ಎದ್ದು ಇವತ್ತಿಗೆ ಒಂದಿನ. ಅವು ಗೂಡು ಕಟ್ಟಿ, ನಾನು ಗೂಡು ಬಿಡಿಸೋವರ್ಗೂ ಆ ಡಬ್ಬಿ ಮುಚ್ಚಳ ತೆಗೆದ್ರೆ ನೋಡಿ ಮತ್ತೆ.”

ಜ್ವರ ಎಂದರೆ ಕಾಯಿಲೆಯಲ್ಲ. ಹುಳು ತಿನ್ನುವುದನ್ನು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ನಮ್ಮ ಕಡೆ ಹೇಳುವ ಮಾತು. ನಾಲ್ಕು ಸಲ ಕೂತು ಎದ್ದರೆ ಆಮೇಲೆ ಒಂದು ವಾರ ರಾಕ್ಷಸರ ಹಾಗೆ ತಿಂದು ಹಣ್ಣಾಗುತ್ತವೆ. ಆಗ ಅವನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಚಂದ್ರಿಕೆ ಎಂದರೆ ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಜಿಲೇಬಿ ಸುತ್ತಿದ ಹಾಗೆ ಬಿದಿರಿನ ಪಟ್ಟಿಯ ಸುರುಳಿ. ಆ ಸುರುಳಿಯ ಸಂದುಗಳಲ್ಲಿ ಹುಳು ಗೂಡು ಕಟ್ಟುತ್ತದೆ.

ನಯಾಜ್ ಬ್ರಷ್ಷನ್ನು ಚೀಲಕ್ಕೆ ಹಾಕಿದ. “ಅಮ್ಮ ಹೇಳಿದ್ದು ಸರಿ ಮೇಷ್ಟ್ರೇ. ನಮ್ಮ ಮಾಮೂದು ನೂಲು ಬಿಚ್ಚೋ ಕೆಲಸ. ಗೂಡು ಕೆಟ್ರೆ ನಾಳೆ ನನ್ನನ್ನೇ ಬೈತಾರೆ.”

ಬಣ್ಣವಿಲ್ಲದೆ ಅಂದಗೊಳಿಸುವುದು ಹೇಗೆ ಎಂದು ಮತ್ತೆ ಫೋನನ್ನೇ ಕೇಳಿದೆ. ಒಬ್ಬ ಗಡ್ಡದ ಹುಡುಗ, ‘ನಿಮ್ಮ ಊರಿನ ಕರಕುಶಲ ವಸ್ತುವನ್ನು ಗೋಡೆಗೆ ತೂಗುಹಾಕಿ, ಹಿಂದೆ ಬೆಳಕು ಕೊಡಿ’ ಎಂದ. ನನ್ನ ಕಣ್ಣಿಗೆ ಚಂದ್ರಿಕೆ ಬಿತ್ತು. ಅಟ್ಟದ ಮೇಲೆ ಹಳೆಯ ಮೂರು ಇದ್ದವು. “ಅಟ್ಟದ ಮೇಲಿನ ಹಳೇವು ತಗೊಳ್ತೀನಿ” ಎಂದೆ. “ಏನಾರ ಮಾಡ್ಕೊಳ್ಳಿ, ವಾರ್ನಿಶ್ ಮಾತ್ರ ಬೇಡ” ಎಂದಳು ರತ್ನಮ್ಮ. ಇಳಿಸಿ ನೋಡಿದರೆ ಮೂರಕ್ಕೂ ಇಲಿ ತೂತು ಮಾಡಿತ್ತು. ತೂತುಬಿದ್ದದ್ದನ್ನು ಬೀಗರಿಗೆ ತೋರಿಸುವುದು ಹೇಗೆ? ಹಿತ್ತಲಿನಲ್ಲಿ ಈ ಬೆಳೆಗೆಂದು ರತ್ನಮ್ಮ ಎಣಿಸಿ ಜೋಡಿಸಿಟ್ಟಿದ್ದ ಚಂದ್ರಿಕೆಗಳಿದ್ದವು. ಅಷ್ಟೊಂದರಲ್ಲಿ ಮೂರು ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಮಕ್ಕಳಿಗೆ ವ್ಯವಕಲನ ಕಲಿಸುವವನು ನಾನು.

ಹಳೆಯವನ್ನು ಅಲ್ಲಿಟ್ಟು ಹೊಸವನ್ನು ಇಲ್ಲಿಗೆ ತಂದೆ. ನಯಾಜ್ ಗೋಡೆಗೆ ಡ್ರಿಲ್ ಹೊಡೆದು, ಕಬ್ಬಿಣದ ತಂತಿ ಹಾಕಿ ನಾಲ್ಕೂ ಮೂಲೆ ತಿರುಚಿದ. ಹಿಂದೆ ದೀಪದ ಸರ ಇಡಲು ಬುಡವನ್ನು ಸ್ವಲ್ಪ ಮುಂದಕ್ಕೆ ಎಳೆದು ಓರೆಯಾಗಿ ನಿಲ್ಲಿಸಿದ. “ಮೇಷ್ಟ್ರೇ, ಇದನ್ನ ಎಲ್ಲಾರೂ ಹೊರಗೆ ಒರಗಿಸ್ತಾರೆ, ನೀವು ಒಳಗೆ ನೇತು ಹಾಕ್ತಾ ಇದೀರಿ. ಆದ್ರೆ ಗ್ಯಾರಂಟಿ. ಗೋಡೆ ಬಿದ್ರೂ ಇದು ಬೀಳಲ್ಲ” ಎಂದ. ಸ್ವಿಚ್ಚು ಹಾಕಿದೆ. ಸುರುಳಿಗಳ ನೆರಳು ಕಲ್ಲು ಚಪ್ಪಡಿಯ ಮೇಲೆ ಬಿದ್ದು, ಗೌರಿಬಿದನೂರಿನ ಗುಲಾಬಿಗೆ ಸರಿಸಮವಾಗಿ ಅರಳಿತು. ಎದುರಿನ ಮನೆಯಿಂದ ಸೋಫಾ ಕೂಡ ಕೇಳಿ ತಂದು ಅದರ ಕೆಳಗೆ ಹಾಕಿದೆ.

ಹುಳು ಶುಕ್ರವಾರ ಹಣ್ಣಾಗಬೇಕಿತ್ತು. ನಡುವೆ ಮಂಜು ಮುಸುಕಿ ಥಂಡಿ ಬಿತ್ತು, ಅವು ನಿಧಾನವಾದವು. ಶನಿವಾರವೂ ಆಗಲಿಲ್ಲ. ಭಾನುವಾರ ಬೆಳಿಗ್ಗೆ, ನಾನು ಬಿಳಿ ಶರ್ಟು ಇಸ್ತ್ರಿ ಮಾಡಿಕೊಂಡು ನಿಂತಿರುವಾಗ, ಒಳಗಿನಿಂದ ಕೂಗು ಕೇಳಿತು. “ರೀ, ಎಲ್ಲಾ ಒಂದೇ ಸಲ ಹಣ್ಣಾಗಿವೆ, ಬನ್ರೀ!”

ಹಣ್ಣಾದ ಹುಳು ಕಾಯುವುದಿಲ್ಲ. ಸಮಯಕ್ಕೆ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ, ಸೊಪ್ಪಿನ ಕಡ್ಡಿಯಲ್ಲೇ ನೂಲು ಸುರಿದು ಮುಗಿಸುತ್ತದೆ. ಆ ಗೂಡು ಯಾರಿಗೂ ಬೇಡ. ಇಪ್ಪತ್ತೈದು ದಿನದಿಂದ ಹೊತ್ತು ಹೊತ್ತಿಗೆ ಸೊಪ್ಪು ಹಾಕಿದ ರತ್ನಮ್ಮನ ದುಡಿಮೆಯೆಲ್ಲ ಈ ಒಂದು ಬೆಳಗಿನ ಮೇಲೆ ನಿಂತಿತ್ತು. ಅಕ್ಕಪಕ್ಕದ ಹೆಂಗಸರು ಕರೆಯದೆಯೇ ಬಂದರು. ಅದು ನಮ್ಮಲ್ಲಿ ಪದ್ಧತಿ. ಇವರಿಗೆ ಹಣ್ಣಾದಾಗ ಅವರು, ಅವರಿಗೆ ಹಣ್ಣಾದಾಗ ಇವರು. ತುಂಬಿದ ಚಂದ್ರಿಕೆಗಳನ್ನು ಒಂದೊಂದಾಗಿ ಹೊರಗಿನ ತಿಣ್ಣೆಗೆ ಒರಗಿಸುತ್ತ ಹೋದೆವು. ಹತ್ತೂವರೆಗೆ ರತ್ನಮ್ಮ ಹಿತ್ತಲಿಗೆ ಹೋದವಳು ತೂತುಬಿದ್ದ ಮೂರನ್ನೂ ಎಳೆದುಕೊಂಡು ಬಂದಳು.

“ಇವು ಅಟ್ಟದ ಮೇಲಿನವಲ್ವೇನ್ರೀ?”

ನಾನು ಸೂರು ನೋಡಿದೆ.

“ಹಳೇವು ತಗೊಳ್ತೀನಿ ಅಂದ್ರಲ್ಲ?”

“ಅವು ಚೆನ್ನಾಗಿ ಕಾಣ್ತಿರ್ಲಿಲ್ಲ ಕಣೇ…”

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಿದಿರಿನ ಮಂಕರಿಯ ತಳದಲ್ಲಿ ಮಿಕ್ಕಿದ್ದ ಹುಳುವನ್ನು ಒಮ್ಮೆ ನೋಡಿದಳು. ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ, ಆ ಕಡೆ ಈ ಕಡೆ ಆಡಿಸುತ್ತ ಜಾಗ ಹುಡುಕುತ್ತಿದ್ದವು. “ಇವಕ್ಕೆ ನಾನೇನು ಹೇಳ್ಲಿ? ಬೀಗ್ರು ಬಂದು ಹೋಗೋವರ್ಗೂ ಇರಿ ಅನ್ಲಾ?” ಎಂದಳು. ಧ್ವನಿ ಸಣ್ಣಗಿತ್ತು. ನಾನು ಓಡಿಹೋಗಿ ಗೋಡೆಯ ತಂತಿ ಬಿಚ್ಚಲು ಹೊರಟೆ. ನಯಾಜ್‌ನ ಗ್ಯಾರಂಟಿ ನಿಜವಾದ ಗ್ಯಾರಂಟಿ. ಉಗುರು ಕಿತ್ತುಬಂತು, ತಂತಿ ಅಲುಗಲಿಲ್ಲ.

“ಬಿಡಿ, ಅದು ಅಲ್ಲೇ ಇರ್ಲಿ” ಎಂದ ರತ್ನಮ್ಮ ಮಂಕರಿಯನ್ನು ಸೊಂಟಕ್ಕೆ ಇಟ್ಟುಕೊಂಡು, ಎದುರು ಮನೆಯವರ ಸೋಫಾದ ಮೇಲೆ ಹತ್ತಿ ನಿಂತು, ನನ್ನ ಕರಕುಶಲ ಕಲೆಯ ಮೇಲೆ ಹುಳು ಬಿಡಲು ಶುರು ಮಾಡಿದಳು. ನಾನು ಕೆಳಗೆ ನಿಂತು ಹಿಡಿ ಹಿಡಿ ಕೊಡುತ್ತ ಹೋದೆ. ಹೊರಗೆ ಕಾರು ನಿಂತ ಸದ್ದಾಯಿತು.

ಬೀಗರು ಒಳಗೆ ಬಂದಾಗ ಕಂಡ ನೋಟ ಇದು. ಸೋಫಾದ ಮೇಲೆ ನಿಂತ ಬೀಗಿತ್ತಿ, ನೆಲದ ತುಂಬ ಸೊಪ್ಪಿನ ಕಡ್ಡಿ, ಅಂಗೈ ತುಂಬ ಹುಳು ಹಿಡಿದ ಮೇಷ್ಟ್ರು. “ಬನ್ನಿ ಬನ್ನಿ” ಎಂದೆ, ಕೈಮುಗಿಯಲು ಕೈ ಇರಲಿಲ್ಲ. ನಾರಾಯಣಪ್ಪನವರು ಅಭ್ಯಾಸದಂತೆ ದೀಪದ ಸರ ನೋಡಿದರು. ಅವರ ಹೆಂಡತಿ ಸುಶೀಲಮ್ಮ ಮಾತ್ರ ಸೂರನ್ನೂ ನೋಡಲಿಲ್ಲ, ಗೋಡೆಯನ್ನೂ ನೋಡಲಿಲ್ಲ. ನೇರವಾಗಿ ರತ್ನಮ್ಮನ ಮುಖ ನೋಡಿ, “ಹಣ್ಣಾಗೋಯ್ತೇನಕ್ಕಾ? ಇನ್ನೆಷ್ಟಿದೆ?” ಎಂದರು.

“ನಿಮಗೆ ಗೊತ್ತೇನಮ್ಮಾ ಈ ಕೆಲಸ?”

“ಅಯ್ಯೋ, ನಮ್ಮ ತೌರೂರು ದಿಬ್ಬೂರಹಳ್ಳಿ ಕಣಕ್ಕಾ. ಮದುವೆ ಆದಮೇಲೆ ಹುಳ ಮುಟ್ಟೇ ಇಲ್ಲ. ಸರೀರಿ ಬೀಗ್ರೇ, ನೀವು ಕೊಡೋದು ಒಂದು ಗಂಟೆಗೆ ಮುಗಿಯಲ್ಲ” ಎಂದು ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಕರಿಗೆ ಕೈ ಹಾಕಿದರು. ಬೆರಳು ಹೋದ ವೇಗ ನೋಡಿದರೆ ಅವರು ನಿನ್ನೆ ತಾನೇ ತೌರು ಬಿಟ್ಟು ಬಂದ ಹಾಗಿತ್ತು. “ಗುಲಾಬಿ ದೀಪದ ಕೆಳಗೆ ಕೂತೂ ಕೂತೂ ಬೆನ್ನು ಹಿಡ್ಕೊಂಡಿದೆ ಅಕ್ಕಾ. ಸ್ವಿಚ್ಚು ಯಾವ್ದಕ್ಕೆ ಯಾವ್ದು ಅಂತ ಇವ್ರಿಗೇ ಗೊತ್ತಿಲ್ಲ” ಎಂದರು. ನಾರಾಯಣಪ್ಪನವರು ಕೇಳಿಸದವರಂತೆ ತಿಣ್ಣೆಯ ಮೇಲೆ ಹೋಗಿ ಕುಳಿತರು. ಹನ್ನೊಂದೂವರೆಗೆ ಕೊನೆಯ ಹುಳು ಗೋಡೆ ಹತ್ತಿತು.

ಊಟ ಎರಡು ಗಂಟೆಗಾಯಿತು. ಆಮೇಲೆ ಎಲ್ಲರೂ ಹೊರಗೆ ತಿಣ್ಣೆಯ ಮೇಲೇ ಕೂತರು. ಒಳಗೆ ಅಂದಗೊಳಿಸಿದ ಹಾಲ್‌ನಲ್ಲಿ ಕೂರಬೇಕೆಂಬ ಹಟಕ್ಕೆ ನಾನೊಬ್ಬನೇ ಹೋಗಿ ಸೋಫಾದ ಮೇಲೆ ಕೂತೆ. ಹುಳು ನೂಲು ಬಿಡುವ ಮುಂಚೆ ಮೈಯಲ್ಲಿರುವ ನೀರನ್ನೆಲ್ಲ ಹೊರಗೆ ಬಿಡುತ್ತದೆ. ಚಂದ್ರಿಕೆಯನ್ನು ಜನ ಮನೆಯ ಹೊರಗೆ ಒರಗಿಸುವುದು ಇದಕ್ಕಾಗಿಯೇ. ಆ ಗಡ್ಡದ ಹುಡುಗ ಇದನ್ನು ಹೇಳಿರಲಿಲ್ಲ. ನೆತ್ತಿಯ ಮೇಲೆ ಒಂದು ಹನಿ ಬಿತ್ತು, ಹೆಗಲ ಮೇಲೆ ನಾಲ್ಕು.

ಗೂಡು ಚೆನ್ನಾಗಿ ಬಂತು. ಗೋಡೆಯ ಮೇಲಿನ ಮೂರರದ್ದು ಎಲ್ಲಕ್ಕಿಂತ ಬಿಗಿಯಾಗಿತ್ತು ಎಂದು ರತ್ನಮ್ಮ ಬೇಸರದಿಂದಲೇ ಒಪ್ಪಿಕೊಂಡಳು. ಗೂಡು ಬಿಡಿಸಿದ ಮೇಲೆ ಬಣ್ಣ ಹೊಡೆಸೋಣ ಎಂದು ನಯಾಜ್‌ಗೆ ಫೋನು ಮಾಡುವಷ್ಟರಲ್ಲಿ ಅವಳು ಮುಂದಿನ ಬೆಳೆಗೆ ಮರಿಹುಳು ತಂದಾಗಿತ್ತು. ಹೀಗೆ ಎರಡು ಬೆಳೆ ಆಯಿತು. ಮೊನ್ನೆ ಗೌರಿಬಿದನೂರಿಗೆ ಹೋದರೆ ಬೀಗರ ಹಾಲ್‌ನಲ್ಲಿ ಗುಲಾಬಿಯ ಕೆಳಗೆ ಎರಡು ಹೊಸ ಚಂದ್ರಿಕೆ, ಹಿಂದೆ ಬೆಳಕು. “ನಿಮ್ಮದೇ ಐಡಿಯಾ ಬೀಗ್ರೇ” ಎಂದರು. ನಾನು ಸೋಫಾದಲ್ಲಿ ಮುಳುಗಿಕೊಂಡೇ ಉಬ್ಬಿದೆ. ಬಸ್ಸಿನಲ್ಲಿ ರತ್ನಮ್ಮ, “ಎರಡೂ ಗಟ್ಟಿಯಾಗಿವೆ. ಮುಂದಿನ ಸಲ ಕಡಿಮೆ ಬಿದ್ರೆ ಮಂಕರಿ ಹೊತ್ಕೊಂಡು ಇಲ್ಲಿಗೆ ಬರೋದು ನೀವೇ” ಎಂದಳು.

ಬಣ್ಣದ ಡಬ್ಬಿ ಮಂಚದ ಕೆಳಗಿದೆ. ಆಗಾಗ ಎತ್ತಿ ಕುಲುಕಿ, ಒಳಗೆ ಇನ್ನೂ ದ್ರವವಾಗಿದೆಯೆಂದು ಖಾತ್ರಿ ಮಾಡಿಕೊಂಡು ಮತ್ತೆ ಇಡುತ್ತೇನೆ. ಹಾಗೆಂದು ಇಷ್ಟೆಲ್ಲ ಓಡಾಟದಿಂದ ಏನೂ ಆಗಲಿಲ್ಲ ಎನ್ನುವಂತಿಲ್ಲ. ನಮ್ಮ ಮನೆಯಲ್ಲಿ ಒಂದಕ್ಕಂತೂ ಹೊಸ ಬಣ್ಣ ಬಂದಿದೆ. ಆ ಭಾನುವಾರದ ಬಿಳಿ ಶರ್ಟಿನ ಹೆಗಲ ಮೇಲೆ ಐದು ಮಾಸಲು ಹಳದಿ ಮಚ್ಚೆ. ಎಷ್ಟು ಒಗೆದರೂ ಹೋಗುವುದಿಲ್ಲ, ಹೆಗಲಿಗೆ ನಾಲ್ಕೇ ಹನಿ ಬಿದ್ದದ್ದು, ನೆತ್ತಿಯದು ಲೆಕ್ಕಕ್ಕಿಲ್ಲ ಎಂದು ಲೆಕ್ಕದ ಮೇಷ್ಟ್ರು ಎಷ್ಟು ವಾದಿಸಿದರೂ ಐದೇ ಇವೆ.