ಬಲತೋಳಿನ ಹೊಲಿಗೆ

ಎಲ್ಲಕ್ಕೂ ಮೂಲ ಒಂದು ಹರಿದ ತೋಳು. ಎಂಟು ತಿಂಗಳ ಹಿಂದೆ ಔಷಧಿ ಅಂಗಡಿಯಾಕೆ ತನ್ನ ಜೂಡೋ ಜಾಕೀಟನ್ನು ಟೈಲರನ ಮೇಜಿನ ಮೇಲಿಟ್ಟು, "ಬಲತೋಳು ಗಟ್ಟಿಯಾಗಿ ಹೊಲೀರಿ, ಎಲ್ಲರೂ ಇಲ್ಲೇ ಹಿಡಿದು ಎಳೀತಾರೆ" ಅಂದಿದ್ದಳು. ಆ ಎಲ್ಲರಲ್ಲಿ ತಾನೂ ಒಬ್ಬನಾಗಬೇಕೆಂದು ನಲವತ್ತೆರಡರ ಟೈಲರನಿಗೆ ಅನ್ನಿಸಿಬಿಟ್ಟಿತು. ಮರುದಿನವೇ ಹೋಗಿ ಆಕೆಯ ಸಂಜೆಯ ಜೂಡೋ ತರಗತಿಗೆ ಸೇರಿದ.

ಅಲ್ಲಿ ಎತ್ತರದ ಪ್ರಕಾರ ಸಾಲು. ಟೈಲರ್ ಎಲ್ಲರಿಗಿಂತ ಕುಳ್ಳ, ಆಮೇಲೆ ಬೇಕರಿಯವ, ಆಮೇಲೆ ನಲ್ಲಿ ರಿಪೇರಿಯವ, ಕೊನೆಗೆ ಆಕೆ. ಗೆದ್ದವರು ಚಾಪೆಯ ಮೇಲೆ ಉಳಿದು ಮುಂದಿನವರ ಜೊತೆ ಸೆಣಸಬೇಕು, ಸೋತವರು ಗೋಡೆ ಪಕ್ಕ ಕೂರಬೇಕು. ಟೈಲರನಿಗೆ ಬರುತ್ತಿದ್ದದ್ದು ಒಂದೇ ಪಟ್ಟು, ಅದು ಬೇಕರಿಯವನಿಗೆ ಬಾಯಿಪಾಠ. ಎಂಟು ತಿಂಗಳೂ ಅವನು ಗೋಡೆ ಪಕ್ಕ ಕೂತು ತನ್ನ ಹೊಲಿಗೆಯನ್ನು ಬೇರೆಯವರು ಹಿಡಿಯುವುದನ್ನು ನೋಡಿದ.

ಇವತ್ತು ಗೊತ್ತಿಲ್ಲದ ಪಟ್ಟುಗಳನ್ನೇ ಹಾಕುವುದೆಂದು ತೀರ್ಮಾನಿಸಿದ. ಸುದ್ದಿ ತಿಳಿದದ್ದೇ ಸಲಹೆಗಳು ಬಂದವು.

"ಎಡಗಾಲು ಅಡ್ಡ ಕೊಡು, ತಾನಾಗೇ ಬೀಳ್ತಾನೆ" ಅಂದ ನಲ್ಲಿಯವ.

"ಕಾಲೆಲ್ಲ ಬೇಡಪ್ಪ, ಸೊಂಟ ತಿರುಗಿಸು" ಅಂದ ಬೀಳಬೇಕಾಗಿದ್ದ ಬೇಕರಿಯವನೇ.

ಯಾರ ಮನಸ್ಸನ್ನೂ ನೋಯಿಸಬಾರದೆಂದು ಟೈಲರ್ ಎರಡನ್ನೂ ಒಟ್ಟಿಗೇ ಮಾಡಿದ. ನೂಲಿನ ಉಂಡೆಯಂತೆ ಗಂಟು ಬಿದ್ದು ಇಬ್ಬರೂ ಉರುಳಿದರು, ಆದರೆ ಕೆಳಗಿದ್ದವನು ಬೇಕರಿಯವ. ನಲ್ಲಿಯವ ಮುನ್ನುಗ್ಗಿ ಬಂದಾಗ ಟೈಲರ್ ಹೆದರಿ ಹಿಂದಕ್ಕೆ ಬಿದ್ದ, ಬೀಳುತ್ತ ಕಾಲೆತ್ತಿದ. ನಲ್ಲಿಯವ ಅವನ ತಲೆಯ ಮೇಲಿಂದ ಹಾರಿ ಆಚೆ ಬೆನ್ನು ಬಡಿದುಕೊಂಡ.

ಆಕೆ ಎದ್ದು ಬಂದಳು. ಟೈಲರ್ ಕೈ ಚಾಚಿದ. ಬಲತೋಳು ಒಂದು ಗೇಣು ದೂರದಲ್ಲಿತ್ತು.

"ನಿಲ್ಲಿಸಿ" ಅಂದರು ಗುರುಗಳು. "ಇಂಥಾ ಪಟ್ಟು ಹಾಕೋರು ಕಲಿಯೋರ ಜೊತೆ ಇರಬಾರದು. ನಾಳೆಯಿಂದ ಬೆಳಗಿನ ಪಳಗಿದವರ ತಂಡಕ್ಕೆ ಬನ್ನಿ."

"ಗುರುಗಳೇ, ಇದೊಂದು ಸುತ್ತು ಮುಗಿಸಿ..." ಅಂದ ಟೈಲರ್.

"ಟೈಮಾಯ್ತು."

ಆಕೆಯ ಮುಖ ಸಣ್ಣದಾಯಿತು. "ನಾಳೆಯಿಂದ ದಿನಾ ನನ್ನನ್ನ ನಿಮಗೇ ಜೋಡಿ ಹಾಕೋದಕ್ಕೆ ಗುರುಗಳನ್ನ ನಿನ್ನೆ ತಾನೇ ಒಪ್ಪಿಸಿದ್ದೆ. ನನಗೆ ಸರಿಯಾಗಿ ಬೀಳೋಕೆ ಬರಲ್ಲ. ಎಂಟು ತಿಂಗಳಿಂದ ನೋಡ್ತಿದೀನಿ, ನಿಮ್ಮಷ್ಟು ಚೆನ್ನಾಗಿ ಬೀಳೋರು ಇಲ್ಲಿ ಯಾರೂ ಇಲ್ಲ. ಅವನೆಲ್ಲಿಗೆ ಹೋಗ್ತಾನೆ, ಇಲ್ಲೇ ಇರ್ತಾನೆ ಅಂದಿದ್ರು ಗುರುಗಳು."

ಟೈಲರನ ಚಾಚಿದ ಕೈ ಹಾಗೇ ಇತ್ತು. ಆಕೆ ಜಾಕೀಟು ಬಿಚ್ಚಿ ಆ ಕೈಯ ಮೇಲೆ ಹಾಕಿದಳು.

"ತೋಳು ಮತ್ತೆ ಬಿಟ್ಕೊಂಡಿದೆ. ಇದನ್ನಾದರೂ ನೀವೇ ಹೊಲೀಬೇಕು."

ತೋಳು ಇನ್ನೂ ಬೆಚ್ಚಗಿತ್ತು. ಟೈಲರ್ ಅದನ್ನು ಹಿಡಿದುಕೊಂಡೇ ಮನೆಯವರೆಗೂ ನಡೆದ. ಒಳಗೆ ಕೈ ಇರಲಿಲ್ಲ, ಅಷ್ಟೇ.