ಟಾಂಜಾನಿಯಾದ ಮಾಮಾ

ನನ್ನ ಚಿಗವ್ವನ ಮಗಳು, ಅಂದರೆ ನನ್ನ ತಂಗಿ, ಇವತ್ತಿನವರೆಗೆ ಯಾರ ಮುಖವನ್ನೂ ಸರಿಯಾಗಿ ನೋಡಿದವಳಲ್ಲ! ಆಕೆ ನೋಡುವುದು ಹೊಲಿಗೆಯನ್ನು. ಎದುರಿಗೆ ಜಿಲ್ಲಾಧಿಕಾರಿಗಳೇ ಬಂದು ನಿಂತರೂ ಆಕೆಗೆ ಕಾಣುವುದು ಅವರ ಕಾಲರು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಂಡನ ಮುಂದೆಯೇ ಹಾದು ಹೋದಳಂತೆ. ಇವರು ಕೂಗಿ ಕರೆದದ್ದಕ್ಕೆ, ಹೊಸ ಪ್ಯಾಂಟು ಹಾಕಿಕೊಂಡು ಬಂದರೆ ಗುರುತು ಹಿಡಿಯುವುದು ಹೇಗೆ ಭಾವಾ ಎಂದು ಇವರನ್ನೇ ಕೇಳಿದಳಂತೆ.

ಹುಟ್ಟಿದ್ದು ಸಿರುಗುಪ್ಪದ ಕಡೆ ಕೆಂಚನಗುಡ್ಡದಲ್ಲಿ. ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಮುಗ್ಗರಿಸಿ, ಬಳ್ಳಾರಿಯ ಗಾಂಧಿನಗರದಲ್ಲಿರುವ ನಮ್ಮ ಮನೆಗೆ ಬಂದು, ಜೀನ್ಸ್ ಹೊಲಿಯುವ ಯುನಿಟ್ಟೊಂದಕ್ಕೆ ಸೇರಿಕೊಂಡಳು. ಆರು ವರ್ಷ ಅಲ್ಲೇ. ಈ ನಡುವೆ ಕುರುಗೋಡಿನಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಸ್ವಂತ ಗೊಬ್ಬರದ ಅಂಗಡಿ. ಒಗ್ಗಾಣಿ ಮಿರ್ಚಿ ತಿಂದು ಎಲ್ಲರೂ ನಗುನಗುತ್ತಾ ಕೂತಿದ್ದಾಗ, ಚಹಾ ಕೊಡಲು ಬಂದವಳು ಹುಡುಗನ ಮುಂದೆ ಬಗ್ಗಿ ಹಾಗೇ ನಿಂತುಬಿಟ್ಟಳು. ನಾಚಿಕೆ ಎಂದುಕೊಂಡೆವು. ನಾಚಿಕೆಯೆ? ಆಕೆಗೆ?

"ತೊಡಿ ಹತ್ರ ಹೊಲಗಿ ಬಿಟ್ಟೈತ್ರಿ. ಬಿಚ್ಚಿ ಕೊಡ್ರಿ, ಎರಡ ನಿಮಿಷದಾಗ ಹಾಕಿ ಕೊಡ್ತೀನಿ."

ಪಾಪ, ಹುಡುಗ ಎಷ್ಟು ಸಾಧು ಎಂದರೆ, ಒಳಗೆ ಹೋಗಿ ನನ್ನ ಗಂಡನ ಲುಂಗಿ ಸುತ್ತಿಕೊಂಡು ಬಂದು ಪ್ಯಾಂಟು ಕೊಟ್ಟೇಬಿಟ್ಟ. ಅವನ ತಾಯಿ ಮಾತ್ರ ಚಹಾ ಮುಟ್ಟದೆ ಎದ್ದರು. ಪ್ಯಾಂಟು ಕೂಡಿತು, ಸಂಬಂಧ ಹರಿಯಿತು!

ಇಂಥವಳು ಒಂದು ದಿನ ಬಂದು, ಟಾಂಜಾನಿಯಾಕ್ಕೆ ಹೋಗುತ್ತೇನೆ, ಎರಡು ವರ್ಷ, ಅಲ್ಲಿಯ ಹೆಂಗಸರಿಗೆ ಹೊಲಿಗೆ ಕಲಿಸಬೇಕು ಎಂದಳು. ಯಾವುದೋ ಸ್ವಯಂಸೇವಾ ಸಂಸ್ಥೆಯವರು ಯುನಿಟ್ಟಿಗೆ ಬಂದಿದ್ದರಂತೆ. ವೀಡಿಯೊದಲ್ಲಿ ಸಂದರ್ಶನವೂ ಆಯಿತು. ಸೇವೆ ಮಾಡಬೇಕೆಂದು ನಿನಗೇಕೆ ಅನ್ನಿಸಿತು ಎಂದು ಅಲ್ಲಿಂದ ಒಬ್ಬ ಮೇಡಂ ಕೇಳಿದರೆ, ಈಕೆ ಅವರ ಬ್ಲೌಸಿನ ಎಡತೋಳು ಎತ್ತಿ ಕೂತಿದೆ ಎಂದು ಹೇಳಿದಳು. ಮುಗಿಯಿತು ಎಂದು ನಾನು ಅಡುಗೆಮನೆಗೆ ಹೋದೆ. ವಾರದಲ್ಲಿ ಆಯ್ಕೆಯಾದ ಕಾಗದ ಬಂತು!

ಊಟ, ಕೋಣೆ, ಕೈಖರ್ಚಿಗೆ ಒಂದಿಷ್ಟು, ಪಗಾರವಿಲ್ಲ. ಇದನ್ನು ಚಿಗವ್ವನಿಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಪುಕ್ಕಟೆ ದುಡ್ಯಾಕ ಅಷ್ಟು ದೂರ ಯಾಕ ಹೋಗಬೇಕು?" ಎಂದಳು ಚಿಗವ್ವ. "ನಮ್ಮ ಮನ್ಯಾಗ ಪಾತ್ರಿ ತಿಕ್ಕಾಕ ಬರ್ತೀನಿ ಅಂದ್ರ ನಾವೇನು ಬ್ಯಾಡ ಅಂತೀವೇನು?"

ಮಗಳು ಹಟ ಬಿಡಲಿಲ್ಲ. ತಾಯಿ ಮಾತು ಬಿಟ್ಟಳು. ಹೊರಡುವ ದಿನವೂ ಬಳ್ಳಾರಿಗೆ ಬರಲಿಲ್ಲ. ಈಕೆ ವಿಮಾನ ಹತ್ತುವವರೆಗೂ ಹಿಂತಿರುಗಿ ನೋಡುತ್ತಿದ್ದಳು. ಆ ಒಂದು ದಿನ ಮಾತ್ರ ಯಾರ ಬಟ್ಟೆಯ ಬಗ್ಗೆಯೂ ಏನೂ ಹೇಳಲಿಲ್ಲ.

ಭಾಷೆಯ ಚಿಂತೆ ನನಗಿತ್ತು, ಆಕೆಗಿರಲಿಲ್ಲ. ಯುನಿಟ್ಟಿನಲ್ಲಿ ಪಕ್ಕದ ಮಷೀನಿನ ಗೆಳತಿಯಿಂದ ಉರ್ದು ಕಲಿತಿದ್ದಳಲ್ಲ, ಅಲ್ಲಿಯವರ ಮಾತಿನಲ್ಲೂ ಸಾಬೂನಿಗೆ ಸಬುನಿಯಂತೆ, ಅಂಗಡಿಗೆ ದುಕಾ, ಪುಸ್ತಕಕ್ಕೆ ಕಿತಾಬು. ಇದು ನಮ್ಮ ಬಳ್ಳಾರಿಯ ಮಾತೇ, ಸ್ವಲ್ಪ ಬಿಸಿಲಿಗೆ ಬಾಡಿದೆ ಎಂದು ಬರೆದಳು. ಆದರೆ ನಾಲ್ಕನೆಯ ದಿನ ಫೋನು ಮಾಡಿದವಳು ಅಳುತ್ತಿದ್ದಳು.

"ಅಕ್ಕ, ಇವ್ರು ನನ್ನ ಟೇಲರ್ ಅಂತ ಕರಸ್ಯಾರ. ಗೌನು ಹೊಲ್ಯಾಕ ಕಲಿಸು ಅಂತಾರ. ನನಗ ಹಿಂದಿನ ಜೇಬು ಬಿಟ್ಟು ಏನೂ ಬರಂಗಿಲ್ಲ."

ನಿಜವೇ! ಯುನಿಟ್ಟಿನಲ್ಲಿ ಒಬ್ಬರು ಜಿಪ್ಪು, ಒಬ್ಬರು ಸೊಂಟಪಟ್ಟಿ, ಒಬ್ಬರು ಕಾಲು. ಈಕೆ ಆರು ವರ್ಷ ಹೊಲಿದದ್ದು ಬರೀ ಹಿಂದಿನ ಜೇಬು. ಅದನ್ನು ಯಾರೂ ಕೇಳಲಿಲ್ಲ, ಈಕೆಗೆ ಹೇಳಬೇಕೆಂದೂ ಹೊಳೆಯಲಿಲ್ಲ. ನಾನು ಸಾಲಿಯ ಟೀಚರು. ಬರದಿದ್ದರೆ ಬರುವುದಿಲ್ಲ ಎಂದು ಒಪ್ಪಿಕೋ ಎಂದು ಬುದ್ಧಿ ಹೇಳಿದೆ. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವ ನಾನು ಒಂದು ಸಲವೂ ಹಾಗೆ ಒಪ್ಪಿಕೊಂಡಿಲ್ಲ, ಆ ಮಾತು ಬೇರೆ.

ಆಕೆ ಒಪ್ಪಿಕೊಂಡಳು. ಮರುದಿನ ಕಲಿಯಲು ಬಂದ ಹೆಂಗಸರ ಮುಂದೆ ನಿಂತು, ಬಂದಷ್ಟು ಮಾತಿನಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ ಹೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಿಂದೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬಳು ಎದ್ದು ಬಂದು, ಮೇಜಿನ ಮೇಲೆ ಬಟ್ಟೆ ಹಾಸಿ, ಅಳತೆಪಟ್ಟಿ ಮುಟ್ಟದೆ ಕಣ್ಣಂದಾಜಿನಲ್ಲೇ ಒಂದು ಗೌನು ಕತ್ತರಿಸಿಬಿಟ್ಟಳು. ಜೀವನವೆಲ್ಲ ಕೈಹೊಲಿಗೆ ಮಾಡಿದವಳು. ಮಷೀನೆಂದರೆ ಮಾತ್ರ ಭಯ. ಅವತ್ತಿನಿಂದ ಆಕೆ ಈಕೆಗೆ ಕತ್ತರಿಸುವುದನ್ನು ಕಲಿಸಿದಳು, ಈಕೆ ಆಕೆಗೆ ಮಷೀನು ತುಳಿಯುವುದನ್ನು. ಗೌನುಗಳಿಗೆಲ್ಲ ಜೇಬು ಬಂತು. ಕಳಿಸಿದ ಫೋಟೋದಲ್ಲಿ ಸಂತೆಯ ಹೆಂಗಸರೆಲ್ಲ ಜೇಬಿನಲ್ಲಿ ಕೈ ಇಟ್ಟುಕೊಂಡು ಇನ್‌ಸ್ಪೆಕ್ಟರರಂತೆ ನಿಂತಿದ್ದರು!

ಇಷ್ಟರಲ್ಲಿ ಹೊಸ ಫಜೀತಿ. ತಂಗಿಯ ಸುದ್ದಿಯನ್ನೆಲ್ಲ ನಾನು ಫೋನಿನಲ್ಲಿ ಚಿಗವ್ವನಿಗೆ ಓದಿ ಹೇಳುತ್ತಿದ್ದೆ. ಆಕೆ ಕೇಳದವಳಂತೆ ಕೇಳುತ್ತಿದ್ದಳು. ಒಂದು ವಾರ, ಇವತ್ತು ಮಾಮಾನ ಮನೆಯಲ್ಲಿ ಊಟ. ಮುಂದಿನ ವಾರ, ಮಾಮಾ ನನಗೆ ಬಟ್ಟೆ ಕೊಡಿಸಿದರು. ಚಿಗವ್ವ ಅಷ್ಟಕ್ಕೇ ತಡೆದಳು.

"ಯಾವ ಮಾಮಾ ಸಿಕ್ಕಾನ ಆಕಿಗೆ ಅಲ್ಲಿ?"

ಆ ಕಡೆ ಮಾಮಾ ಎಂದರೆ ತಾಯಿ, ಗೌನು ಕತ್ತರಿಸಿದ ಆ ಮುದುಕಿಯನ್ನೇ ಹಾಗೆ ಕರೆಯುವುದು ಎಂದು ಪರಿಪರಿಯಾಗಿ ಹೇಳಿದೆ. ಯಾರು ನಂಬುತ್ತಾರೆ? ಟೀಚರಾಗಿ ನನ್ನ ಕಿವಿಗೆ ಹೂವು ಇಡುತ್ತೀಯಾ ಎಂದು ಚಿಗವ್ವ ಫೋನು ಇಟ್ಟುಬಿಟ್ಟಳು. ಅಲ್ಲಿಗೆ ನನ್ನ ಬಾಯಿಂದ ಮಗಳ ಸುದ್ದಿ ಕೇಳುವುದೂ ನಿಂತಿತು.

ಎಂಟು ತಿಂಗಳಾಗಿತ್ತು. ತಂಗಿಯಿಂದ ನಾಲ್ಕು ದಿನ ಸುದ್ದಿಯಿಲ್ಲ. ಸಂಸ್ಥೆಯವರಿಗೆ ಕೇಳಿದರೆ, ಮಲೇರಿಯಾ ಆಗಿತ್ತು, ಆಸ್ಪತ್ರೆಯಿಂದ ಬಿಟ್ಟಿದ್ದಾರೆ, ಆ ಮಾಮಾ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಾಳೆ ಎಂದರು. ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಸಿರುಗುಪ್ಪದ ಬಸ್ಸು ಹಿಡಿದು ಕೆಂಚನಗುಡ್ಡಕ್ಕೆ ಹೋದೆ.

ಚಿಗವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಹೇಳಿದೆ. ಕೈ ತೊಳೆದು ಬಂದು, "ಹಚ್ಚು ಫೋನು" ಎಂದಳು, ಅಷ್ಟೇ.

ವೀಡಿಯೊ ಕರೆ ಮಾಡಿದೆ. ತಲೆಗೆ ಬಟ್ಟೆ ಸುತ್ತಿಕೊಂಡ, ಹಲ್ಲು ಉದುರಿದ ಒಬ್ಬ ಮುದುಕಿ ಕಂಡಳು. ಅವಳ ಹಿಂದೆ ಮಂಚದ ಮೇಲೆ ಅರ್ಧಕ್ಕರ್ಧ ಇಳಿದುಹೋದ ನನ್ನ ತಂಗಿ. ಚಿಗವ್ವ ಆ ಮುದುಕಿಯನ್ನು ತುಸು ಹೊತ್ತು ನೋಡಿದಳು. ಆಮೇಲೆ ಓಣಿಯ ಅಕ್ಕಪಕ್ಕದವರೊಂದಿಗೆ ಮಾತಾಡಿದಂತೆ ಅಚ್ಚಗನ್ನಡದಲ್ಲಿ ಶುರು ಮಾಡಿದಳು.

"ಗಂಜಿ ಕುಡಿಸವ್ವ ಆಕಿಗೆ. ಒಲ್ಲೆ ಅಂತಾಳ, ಆಕಿ ಮಾತು ಕೇಳಬ್ಯಾಡ. ಸಣ್ಣಾಕಿ ಇದ್ದಾಗ್ಲೂ ಹಿಂಗ."

ಮುದುಕಿ ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಆಮೇಲೆ ಒಂದು ಬಟ್ಟಲು ಎತ್ತಿ ತೋರಿಸಿ, "ಉಜಿ" ಎಂದಳು. ಬಟ್ಟಲ ತುಂಬ ತೆಳ್ಳಗಿನ ಹಿಟ್ಟಿನ ಗಂಜಿ.

"ಹ್ಞಾ, ಅದ, ಅದ" ಎಂದಳು ಚಿಗವ್ವ. ಮಂಚದಿಂದ ಸಣ್ಣ ದನಿಯಲ್ಲಿ "ಅವ್ವಾ" ಎಂದದ್ದು ಕೇಳಿಸಿತು. ಚಿಗವ್ವ ಫೋನನ್ನು ನನ್ನ ಕೈಗೆ ಕೊಟ್ಟು ಸರ್ರನೆ ಒಳಗೆ ಹೋದಳು. ಒಂದು ಗಳಿಗೆಯಲ್ಲಿ ಮುಖ ತೊಳೆದುಕೊಂಡು ಬಂದು ಮತ್ತೆ ಫೋನು ಕಸಿದುಕೊಂಡಳು. ಅವತ್ತು ಚಾರ್ಜು ಮುಗಿಯುವವರೆಗೂ ನನಗೆ ವಾಪಸು ಸಿಗಲಿಲ್ಲ.

ತಂಗಿ ಎರಡು ವರ್ಷ ಪೂರ್ತಿ ಮುಗಿಸಿಯೇ ಬಂದಳು. ಈಗ ಸಿರುಗುಪ್ಪದಲ್ಲಿ ಒಂದು ಕೋಣೆ ಹಿಡಿದು ಹುಡುಗಿಯರಿಗೆ ಕತ್ತರಿಸುವುದರಿಂದ ಹಿಡಿದು ಗುಂಡಿ ಹಚ್ಚುವವರೆಗೆ ಪೂರ್ತಿ ಕಲಿಸುತ್ತಾಳೆ. ಬರೀ ಒಂದು ಭಾಗ ಕಲಿತು ಹೋಗುತ್ತೇನೆ ಎಂದವರನ್ನು ಸೇರಿಸಿಕೊಳ್ಳುವುದೇ ಇಲ್ಲ.

ಪ್ರತಿ ಭಾನುವಾರ ಆ ಮಾಮಾನ ಫೋನು ಬರುತ್ತದೆ. ಮೊದಲು ತಂಗಿಯದು ಎರಡು ಮಾತು, ಆಮೇಲೆ ಚಿಗವ್ವನದು ಒಂದು ತಾಸು. ಈ ಕಡೆ ಕನ್ನಡ, ಆ ಕಡೆ ಅವರ ಮಾತು. ನಡುವೆ ಅರ್ಥ ಹೇಳಲು ಹೋದರೆ ಇಬ್ಬರೂ ಸೇರಿ ತಂಗಿಯನ್ನು ಗದರಿಸುತ್ತಾರೆ. ಹೋದ ವಾರ ನಾನೂ ಕೆಂಚನಗುಡ್ಡದಲ್ಲಿದ್ದೆ. ತಡೆಯಲಾರದೆ, ಅಷ್ಟು ಹೊತ್ತು ಏನು ಮಾತಾಡುತ್ತೀರಿ ಎಂದು ಕೇಳಿದೆ.

"ಮಗಳ ವಿಷಯ" ಎಂದಳು ಚಿಗವ್ವ.

"ಯಾರ ಮಗಳು? ನಿನ್ನ ಮಗಳೋ, ಆಕಿ ಮಗಳೋ?"

ಚಿಗವ್ವ ಫೋನನ್ನು ಸೆರಗಿನಿಂದ ಒರೆಸುತ್ತಾ ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದಳು.

"ಇಬ್ಬರಿಗೂ ಇರಾಕಿ ಒಬ್ಬಾಕೀನ ಅಲ್ಲೇನವಾ."