ಆರನೆಯ ಬೆರಳು

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಬೆರಳು. ಅದೂ ಗೋಡೆಯ ಮೇಲಿನದು.

ಬ್ಯಾಡಗಿಯ ಹಾಲಸಿದ್ದಪ್ಪನ ಖಾನಾವಳಿಯಲ್ಲಿ ಪೇಂಟರ್ ಖಲಂದರ ಏಣಿ ಹತ್ತಿ ಊಟದ ದರಪಟ್ಟಿ ಬರೆಯುತ್ತಿದ್ದ. 'ರೊಟ್ಟಿ ಊಟ' ಮುಗಿದು 'ಚಪಾತಿ ಊಟ'ದ ಮೊದಲ ಅಕ್ಷರಕ್ಕೆ ಬಂದಿದ್ದ. ಎದುರು ಗೋಡೆಯಲ್ಲೊಂದು ಹಳೆಯ ಚಿತ್ರವಿತ್ತು: ಮೆಣಸಿನಕಾಯಿಯ ಕೆಂಪು ರಾಶಿ, ಅದರ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ತೊಟ್ಟು ಬಿಡಿಸುತ್ತಿರುವ ಒಬ್ಬ ಹೆಂಗಸು. ಈ ಜಾಗ ಇಸಾಕಸಾಬನ ಚಹಾದ ಹೋಟೆಲ್ ಆಗಿದ್ದ ಕಾಲಕ್ಕೆ ಖಲಂದರನೇ ಬ್ರಷ್ ಹಿಡಿದು ತೆಗೆದದ್ದು. ಇಸಾಕಸಾಬ ತೀರಿಕೊಂಡ, ಹಾಲಸಿದ್ದಪ್ಪ ಜಾಗ ಕೊಂಡ. ಚಿತ್ರ ಯಾರದೆಂದು ಯಾರೂ ಕೇಳಲಿಲ್ಲ, ಖಲಂದರ ಹೇಳಲಿಲ್ಲ. ಟ್ರ್ಯಾಕ್ಟರ್ ಹಿಂದೆ 'ಅಂತರವಿರಲಿ' ಎಂದು ಬರೆಯುವವನು ತನ್ನನ್ನು ಕಲಾವಿದ ಅಂದುಕೊಂಡರೆ, ಕೋಳಿ ತಾನು ನವಿಲಿನ ಪೈಕಿ ಅಂದ ಹಾಗೆ. ಇದು ಅವನ ತಿಳುವಳಿಕೆ.

ಅವತ್ತು ಊಟಕ್ಕೆ ಬಂದವರಲ್ಲಿ ಹಾವೇರಿಯ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುವ ನಿರ್ಮಲಾ ಮೇಡಂ ಇದ್ದರು. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. ಅವರು ಗೋಡೆಯನ್ನೇ ನೋಡುತ್ತಿದ್ದರು.

"ಇದನ್ನ ಯಾರು ತಗದದ್ದರಿ?"

ಹಾಲಸಿದ್ದಪ್ಪ ಹಣದ ಗಲ್ಲೆಯಿಂದಲೇ ಏಣಿಯತ್ತ ಕತ್ತೆತ್ತಿದ. "ಏ ಖಲಂದರ, ನಿನಗೇನರ ಗೊತ್ತೈತೇನು?"

ಖಲಂದರ ಏಣಿಯ ಮೇಲಿಂದಲೇ ತಿರುಗಿ ನೋಡಿದ. 'ನಾನ' ಎಂಬ ಮಾತು ಹಲ್ಲಿನವರೆಗೂ ಬಂತು. ಅಷ್ಟರಲ್ಲಿ ಮೇಡಂ ಎದ್ದು ಗೋಡೆಯ ಹತ್ತಿರ ಹೋಗಿ, "ಇಲ್ಲಿ ನೋಡ್ರಿ, ಈಕಿ ಕೈಗೆ ಆರು ಬೆರಳು ಅದಾವ," ಅಂದರು.

ಮಾತು ಬಂದ ದಾರಿಯಲ್ಲೇ ಗಂಟಲಿಗೆ ಇಳಿಯಿತು.

ಅದು ಕೈತಪ್ಪಲ್ಲ. ಆ ಹೆಂಗಸು ಅವನ ತಾಯಿ ಬಿಸ್ಮಿಲ್ಲಾಬಿ. ಅವಳಿಗಿದ್ದದ್ದೇ ಆರು ಬೆರಳು. ಆ ಕೈಯಿಂದಲೇ ತೊಟ್ಟು ಬಿಡಿಸಿ ಮಗನನ್ನು ಸಾಕಿದಳು, ಆ ಕೈಯ ನಾಚಿಕೆಗೆ ಸಾಯುವವರೆಗೂ ಒಂದು ಫೋಟೋ ತೆಗೆಸಿಕೊಳ್ಳಲಿಲ್ಲ. ಆದರೆ ಕಾಲೇಜಿನವರಿಗೆ ಇದನ್ನು ಹೇಳುವುದು ಹೇಗೆ? ಕಲಾವಿದರಾದವರು ಇಲ್ಲದ್ದನ್ನು ಕಲ್ಪಿಸುತ್ತಾರೆ. ತಾನು ಇದ್ದದ್ದನ್ನು ಇದ್ದ ಹಾಗೆ ತೆಗೆದವನು. ಏಣಿಯ ಪಕ್ಕದ ಗೂಡಿನಲ್ಲಿ ನೀರಿನ ಸ್ಟೀಲ್ ತಂಬಿಗೆ ಇತ್ತು. ಹಾಲಸಿದ್ದಪ್ಪನ ಮದುವೆಗೆ ಯಾರೋ ಆಯೇರಿಯಾಗಿ ಕೊಟ್ಟದ್ದು. ಅದರ ಹೊಟ್ಟೆಯ ಮೇಲೆ ಕೊಟ್ಟವರ ಹೆಸರು ಕೊರೆದಿತ್ತು: ಮನೋಹರ, ಅಗಡಿ.

"ಮನೋಹರ ಅಂತರಿ. ಅಗಡಿಯವ್ರು," ಅಂದುಬಿಟ್ಟ.

"ಅಗಡಿ ಮನೋಹರ," ಹಾಲಸಿದ್ದಪ್ಪ ಹುಬ್ಬು ಗಂಟಿಕ್ಕಿದ. "ಈ ಹೆಸರು ಎಲ್ಲೋ ದಿನಾ ನೋಡಿದಂಗ ಐತಲ್ಲಲೇ."

ಮೇಡಂ ಮಾತ್ರ ಚಿತ್ರದಿಂದ ಕಣ್ಣು ಕೀಳಲಿಲ್ಲ. "ದೊಡ್ಡ ಕಲಾವಿದರು ಬಿಡ್ರಿ. ಆಕಿ ಕೈ ಎಷ್ಟು ಜೋರು ಓಡತದ ಅಂದ್ರ, ಒಂದು ಬೆರಳು ಎರಡ ಸಲ ಕಾಣಸ್ತದ. ನಮ್ಮ ಕಾಲೇಜಿನ ಹೊಸ ಸಭಾಂಗಣದ ಗೋಡಿಗೆ ನಾ ಇಂಥವ್ರನ್ನ ಹುಡುಕಾಕತ್ತೇನಿ."

ಏಣಿಯ ಮೇಲೆ ಚಪಾತಿಯ 'ಚ'ಕ್ಕೆ ಉದ್ದನೆಯ ಬಾಲ ಬಂತು.

ಎದುರಿನ ಮೊಬೈಲ್ ಅಂಗಡಿಯ ವಿಜಯಮಹಾಂತೇಶ ಆಗಷ್ಟೇ ತಾಟಿನ ಮುಂದೆ ಕೂತಿದ್ದ. ತನಗೆ ಗೊತ್ತಿಲ್ಲದ ಮನುಷ್ಯ ಈ ತಾಲೂಕಿನಲ್ಲಿ ಇರುವುದನ್ನು ಅವನು ಸಹಿಸುವವನಲ್ಲ. "ಮನೋಹರ ಅವ್ರನ್ನ ನಾ ರಾಣೆಬೆನ್ನೂರಾಗ ಕಂಡೇನ್ರಿ ಮೇಡಂ. ಉದ್ದನ್ನ ಗಡ್ಡ. ಮಾತು ಭಾಳ ಕಡಿಮಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಫಕ್ಕೀರವ್ವ ಬಡಿಯುವುದನ್ನು ನಿಲ್ಲಿಸಿದಳು. "ಅವರ ಏನ್ರಿ? ಕದರಮಂಡಲಗಿ ಗುಡಿಯಾಗ ವಾರಗಟ್ಟಲೆ ಕುಂತಿದ್ರಂತ. ಊಟಾ ಮುಟ್ಟತಿದ್ದಿಲ್ಲಂತ."

"ಮುಟ್ಟದನ ಹ್ವಾದ್ರು ಪಾಪ," ಅಂದ ವಿಜಯಮಹಾಂತೇಶ, ಎರಡನೆಯ ರೊಟ್ಟಿಗೆ ಕೈ ಹಾಕುತ್ತ.

ಹೀಗೆ ತಾಟಿಗೆ ಅನ್ನ, ಮಜ್ಜಿಗೆ ಬರುವುದರೊಳಗೆ ತಂಬಿಗೆಯ ಮನೋಹರನಿಗೆ ಗಡ್ಡ ಬೆಳೆದು, ಉಪವಾಸ ಹತ್ತಿ, ಸಾವೂ ಬಂದಿತ್ತು. ಸಭಾಂಗಣದ ಆ ದೊಡ್ಡ ಗೋಡೆ ಖಲಂದರನ ಕಣ್ಣೆದುರೇ ಅನಾಥವಾಗುತ್ತಿತ್ತು. ಅವನು ಏಣಿ ಇಳಿದ.

"ಮೇಡಮ್ಮಾರ, ನಾ ಸುಳ್ಳು ಹೇಳಿದ್ನಿರಿ. ಅದನ್ನ ತಗದಾಂವ ನಾನ."



"ಸತ್ತವ್ರದ್ದರ ಬಿಡಲೇ ಖಲಂದರ," ಅಂದ ವಿಜಯಮಹಾಂತೇಶ. "ಇನ್ನೂ ಮಣ್ಣು ಹಸಿ ಐತಿ."

ಮೇಡಂ ಒಳ್ಳೆಯವರು. ನಗಲಿಲ್ಲ. ಚೀಲದಿಂದ ಹಾಳೆ, ಪೆನ್ಸಿಲ್ ತೆಗೆದುಕೊಟ್ಟು, "ಒಂದು ಕೈ ತಗದು ತೋರಸ್ರಿ," ಅಂದರು.

ಜನ ಎಂಜಲು ಕೈಯಲ್ಲೇ ಸುತ್ತುಗಟ್ಟಿದರು. ಖಲಂದರ ಕಣ್ಣು ಮುಚ್ಚಿದ. ತಾಯಿಯ ಕೈ ಬಂದು ಎದುರಿಗೆ ನಿಂತಿತು, ಉಗುರಲ್ಲಿ ಮೆಣಸಿನಕಾಯಿಯ ಕೆಂಪು ಸಮೇತ. ಆದರೆ ಕಲಿತವರ ಮುಂದೆ ಪರೀಕ್ಷೆ. ತಪ್ಪು ಹುಡುಕಲು ಯಾರಿಗೂ ಆಸ್ಪದ ಕೊಡಬಾರದು. ಒಂದೊಂದೇ ಬೆರಳನ್ನು ಉಸಿರು ಹಿಡಿದು ತೆಗೆದ, ಉಗುರು ತಿದ್ದಿದ, ಗೆಣ್ಣು ತಿದ್ದಿದ.

ಮೇಡಂ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಚಲೋ ಐತಿ," ಅಂದರು, ರೋಗಿಯ ಮನೆಯಲ್ಲಿ ಮಾತಾಡುವವರ ಹಾಗೆ. "ಆದ್ರ ಐದ ಬೆರಳು."

"ಆರ ಇದ್ದುವರಿ. ನಮ್ಮ ಅಮ್ಮಗ ಖರೇನ ಆರು..."

"ಮತ್ತ ಐದ್ಯಾಕ ತಗದಿ?" ಅಂದ ಹಾಲಸಿದ್ದಪ್ಪ.

ಯಾರೋ ನಕ್ಕರು. ಎಲ್ಲರೂ ತಂತಮ್ಮ ತಾಟಿಗೆ ಮರಳಿದರು.

ಹಾಲಸಿದ್ದಪ್ಪನಿಗೆ ಹೊಸದೊಂದು ಕೊರತೆ ಕಂಡಿತ್ತು. "ಇಷ್ಟು ದೊಡ್ಡ ಮನಷ್ಯಾಂದು ಚಿತ್ರ, ಕೆಳಗ ಹೆಸರಿಲ್ಲ ಅಂದ್ರ ಹೆಂಗ? ದರಪಟ್ಟಿ ಆಮ್ಯಾಲ ಬರೀವಂತಿ. ಮೊದಲ ಅವರ ಹೆಸರು ಬರಿ."

"ಸಾವ್ಕಾರ್ರ..."

"ಲಗೂ ಬರಿ. ಮೇಡಂ ಫೋಟೋ ತಗೊಂಡು ಹೋಗೋರದಾರ."

ಖಲಂದರ ಬ್ರಷ್ ಅದ್ದಿದ. ಬೇರೆಯವರ ಹೆಸರಿಗೆ ಹೆದರಿಕೆ ಎಂಥದು? ಗೆರೆ ಎಳೆದುಕೊಳ್ಳಲಿಲ್ಲ, ಎರಡನೆಯ ಸಲ ತಿದ್ದಲಿಲ್ಲ. ತಾಯಿಯ ಕೈಯ ಕೆಳಗೆ 'ಮನೋಹರ, ಅಗಡಿ' ಎಂಬ ಅಕ್ಷರಗಳು ಬಿಳಿಯ ಕೊಕ್ಕರೆಗಳಂತೆ ಬಂದು ಕೂತವು.

ಫೋಟೋ ತೆಗೆಯುತ್ತಿದ್ದ ಮೇಡಂ ಮೊಬೈಲ್ ಇಳಿಸಿದರು. "ಅಕ್ಷರ ನಿಮ್ಮೂವ ಅಲ್ಲೇನ್ರಿ? ಎಷ್ಟು ಜೀವ ಅದ ಇದರಾಗ. ನೋಡ್ರಿ, ಇನ್ನೊಬ್ಬರ ಚಿತ್ರ ನಂದು ಅನ್ನೂದು ಬ್ಯಾಡ. ನಿಮಗೂ ನಿಮ್ಮದ ಕಲಾ ಐತಿ. ನಿಮ್ಮನ್ನ ನೀವು ಸಣ್ಣವ್ರು ಅಂತ ತಿಳ್ಕೋಬ್ಯಾಡ್ರಿ. ಹಾಕ್ರಿ, ನಿಮ್ಮ ಹೆಸರೂ ಹಾಕ್ರಿ."

ತಾನು ತೆಗೆದ ಚಿತ್ರದ ಕೆಳಗೆ ಖಲಂದರ ಮೊದಲ ಸಲ ತನ್ನ ಹೆಸರು ಬರೆದ. ಮೂಲೆಯಲ್ಲಿ, ಸಣ್ಣಗೆ: 'ಅಕ್ಷರ: ಖಲಂದರ.'

ಹಾಲಸಿದ್ದಪ್ಪ ಖುಷಿಯಿಂದ ಗೂಡಿನ ತಂಬಿಗೆ ತಂದು ಅವನ ಕೈಗಿಟ್ಟ. "ತಗೋ, ನೀರು ಕುಡಿ. ಇವತ್ತ ನೀನೂ ಕಲಾವಿದ ಆದಿ ನೋಡ."

ಖಲಂದರ ತಂಬಿಗೆ ಎತ್ತಿ ಕುಡಿದ. ಅದರ ಅಂಚಿನಾಚೆ ತಾಯಿಯ ಕಣ್ಣು ಕಂಡವು. ಸೆರಗಿನ ಹಿಂದೆ ಅವಳು ನಗು ತಡೆಯುತ್ತಿದ್ದಳೋ, ಸೀನು ತಡೆಯುತ್ತಿದ್ದಳೋ, ತೆಗೆದವನಿಗೇ ತಿಳಿಯಲಿಲ್ಲ.